ಅವ್ವ ಕಂಡ ಸಾಗರ: ಬಸವರಾಜ ದುರ್ಗಕ್ಕೊಂದು ದೋಣಿಪಯಣ

ಸಂಸಾರ ಸಾಗರ, ಭವಸಾಗರ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಕಿವಿಗೆ ಬೀಳದ ದಿನವಿಲ್ಲ. ಭಜನೆಯಲ್ಲಿ, ಪ್ರವಚನದಲ್ಲಿ, ಮದುವೆಯ ಆಶೀರ್ವಚನದಲ್ಲಿ, ಕೊನೆಗೆ ಸಾವಿನ ಮನೆಯಲ್ಲಿ ಹೇಳುವ ಸಮಾಧಾನದ ನುಡಿಯಲ್ಲಿಯೂ ಸಾಗರ ಬಂದೇ ಬರುತ್ತದೆ. ಆದರೆ ಶಿಗ್ಲಿಯಂಥ ಬಯಲುಸೀಮೆಯ ಊರಿನಲ್ಲಿ ಬಾಳಿ ಬದುಕಿದ ನಮ್ಮ ತಾಯಂದಿರಲ್ಲಿ ಆ ಸಾಗರವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ನಮ್ಮ ಅವ್ವನಿಗೆ ಈಗ 78 ವರ್ಷ. ಹೆಚ್ಚು ನೀರು ಎಂದರೆ ಆಕೆಗೆ ಊರ ಕೆರೆ. ಅದಕ್ಕೂ ಹೆಚ್ಚೆಂದರೆ ಚೌಡದಾನಪುರದಲ್ಲಿ ಅಂಬಿಗರ ಚೌಡಯ್ಯನವರ ಐಕ್ಯಸ್ಥಳದ ದರ್ಶನಕ್ಕೆ ಹೋದಾಗ ಕಂಡ ತುಂಗಭದ್ರೆ. ಹೊಳೆ ದಾಟಿಸುವ ಕಾಯಕದ ಶರಣನ ವಚನಗಳನ್ನು ಬಾಯಿಪಾಠ ಹೇಳುವ ಆಕೆ ದೋಣಿಯೊಂದರಲ್ಲಿ ಕಾಲಿಟ್ಟವಳಲ್ಲ.

ಈ ಪಯಣಕ್ಕೆ ಕಾರಣವಾದದ್ದು ಒಂದು ಛಾಯಾಚಿತ್ರ. ಅಮೆರಿಕೆಯಲ್ಲಿ ನೌಕರಿಯಲ್ಲಿರುವ ನಮ್ಮ ಅಕ್ಕನ ಮಗ ರಜೆಯಲ್ಲಿ ಗೆಳೆಯರೊಡನೆ ಹಾಯಿದೋಣಿಯಲ್ಲಿ ಕೆರಿಬಿಯನ್ ಕಡಲಿನ ಬೆಕ್ವೆ ಎಂಬ ಚಿಕ್ಕ ದ್ವೀಪಕ್ಕೆ ಹೋಗಿಬಂದಿದ್ದನು. ಸೇಂಟ್ ವಿನ್ಸೆಂಟ್ ದೇಶಕ್ಕೆ ಸೇರಿದ ಈ ದ್ವೀಪವು ಮರದ ದೋಣಿಗಳನ್ನು ಕೈಯಿಂದಲೇ ಕಟ್ಟುವ ಕುಶಲಿಗಳಿಗೆ ಹೆಸರಾದುದು. ನೀಲಿ ನೀರು, ಬಿಳಿಯ ಹಾಯಿ, ಹಿಂದೆ ಹಸಿರು ಗುಡ್ಡ. ಇಷ್ಟೇ ಆ ಚಿತ್ರದಲ್ಲಿದ್ದುದು. ಅವ್ವ ಅದನ್ನು ಬಹಳ ಹೊತ್ತು ನೋಡಿ, "ಹಿಂತಾ ನಡುಗಡ್ಡಿ ನಮ್ಮ ನಾಡಿನ್ಯಾಗ ಒಂದೂ ಇಲ್ಲೇನೋ ತಮ್ಮಾ?" ಎಂದು ಕೇಳಿದಳು. ಹುಡುಗ ಎಷ್ಟು ದೂರ ಹೋದನೆಂಬ ಅಚ್ಚರಿಗಿಂತ ತಾನು ಎಷ್ಟು ಹತ್ತಿರದಲ್ಲಿದ್ದೂ ಕಾಣಲಿಲ್ಲವೆಂಬ ಕೊರಗು ಆ ಪ್ರಶ್ನೆಯಲ್ಲಿತ್ತು.

ನಮ್ಮ ಕರಾವಳಿಯಲ್ಲಿ ನಡುಗಡ್ಡೆಗಳಿಗೆ ಬರವಿಲ್ಲ. ಮಲ್ಪೆಯ ಎದುರಿಗೆ ಸೇಂಟ್ ಮೇರಿ ದ್ವೀಪಗಳಿವೆ. ಅಲ್ಲಿಗೆ ಪ್ರವಾಸಿಗರ ದಂಡೇ ಹೋಗುತ್ತದೆ. ಮುರುಡೇಶ್ವರದಾಚೆ ನೇತ್ರಾಣಿ, ಕಾರವಾರದ ಬಳಿ ಕೂರ್ಮಗಡ. ಇವೆಲ್ಲವನ್ನೂ ಹೇಳಿದೆವು. ಹೊನ್ನಾವರದ ಸಮೀಪದ ಕಡಲಿನಲ್ಲಿ ಬಸವರಾಜ ದುರ್ಗ ಎಂಬುದೊಂದಿದೆ ಎಂದಾಗ ಅವ್ವ, "ಹಂಗಾರ ಅಲ್ಲಿಗೇ ಹೋಗೂಣು" ಎಂದು ಎದ್ದು ನಿಂತಳು. ಕಲ್ಯಾಣದ ಅಣ್ಣ ಬಸವಣ್ಣನವರ ಹೆಸರೇ ಅದಕ್ಕೆಂದು ಆಕೆ ತಿಳಿದಳು. ಅಲ್ಲ, ಕೆಳದಿಯ ರಾಜವಂಶದ ಬಸವರಾಜನೆಂಬವನ ಹೆಸರು ಎಂದು ತಿದ್ದಿದೆವು. "ಆ ಕೂಸಿಗೆ ಹೆಸರಿಟ್ಟವ್ರು ಯಾರನ್ನ ನೆನಿಸಿ ಇಟ್ರು?" ಎಂದು ಮರುಪ್ರಶ್ನೆ ಬಂದಿತು. ನಾವು ಸುಮ್ಮನಾದೆವು.

ಮನೆಯಲ್ಲಿ ಹಿರಿಯರೊಬ್ಬರು ಇದಕ್ಕೆ ಒಪ್ಪಲಿಲ್ಲ. ಸಮುದ್ರವನ್ನು ದಾಟಬಾರದು ಎಂಬ ಹಳೆಯ ಮಾತನ್ನು ಮೊದಲು ಎತ್ತಿದರು. ಅದು ನಮ್ಮ ಶರಣರ ಮಾತಲ್ಲವೆಂದೂ, ಸೂತಕವನ್ನೇ ಅಲ್ಲಗಳೆದವರಿಗೆ ಉಪ್ಪುನೀರಿನಿಂದ ಮೈಲಿಗೆ ಬರುವುದು ಹೇಗೆಂದೂ ಕೇಳಿದೆವು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆ ಅನಾವರಣಗೊಂಡುದನ್ನು ನೆನಪಿಸಿದೆವು. ಅವರ ಎರಡನೆಯ ಮಾತು ಮಾತ್ರ ನಮ್ಮನ್ನು ತಡೆದು ನಿಲ್ಲಿಸಿತು. "ದೋಣಿ ಅಲುಗಾಡಿ ಕೊರಳಾನ ಲಿಂಗ ಕಡಲಿಗೆ ಬಿದ್ರ ಏನ್ಮಾಡ್ತೀರಿ?" ಇಷ್ಟಲಿಂಗವನ್ನು ಪ್ರಾಣಕ್ಕಿಂತ ಹೆಚ್ಚೆಂದು ಧರಿಸಿದ ಮನೆತನಗಳ ಓದುಗರಿಗೆ ಈ ಮಾತಿನ ಭಾರವನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹೊಸ ಶಿವದಾರವನ್ನು ಎರಡೆಳೆಯಾಗಿ ಹೊಸೆದು, ಕರಡಿಗೆಯನ್ನು ಬಿಗಿದು ಕಟ್ಟಿಕೊಂಡು, "ದಾರ ಗಟ್ಟಿ ಐತಿ, ನಡೀರಿ" ಎಂದಳು.

2024ರ ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ನಾವು, ನಮ್ಮ ಮನೆಯವರು, ಹತ್ತು ವರ್ಷದ ಮಗಳು ಮತ್ತು ಅವ್ವ. ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅವ್ವನಿಗೆ ತಂಪು ತಾಕಬಾರದೆಂದು ಒಂದು ಹಚ್ಚಡ. ಲಿಂಗೈಕ್ಯರಾದ ನಮ್ಮ ತಂದೆಯವರು ತಮ್ಮ ಕೈಮಗ್ಗದಲ್ಲಿ ನೇಯ್ದ ದಪ್ಪ ನೂಲಿನ ಹಚ್ಚಡವದು. ಅದರ ಮಾತು ಮುಂದೆ ಬರುತ್ತದೆ.

ನೆಟ್ಟಗೆ ಹೊನ್ನಾವರಕ್ಕೆ ಹೋಗದೆ ಸಾಗರದ ದಾರಿ ಹಿಡಿದೆವು. ದುರ್ಗವನ್ನು ನೋಡುವ ಮೊದಲು ಅದಕ್ಕೆ ಹೆಸರು ಕೊಟ್ಟ ಮನೆತನವನ್ನು ನೋಡಬೇಕೆಂಬುದು ನಮ್ಮ ಅಪೇಕ್ಷೆ. ಕೆಳದಿಯ ರಾಮೇಶ್ವರ, ವೀರಭದ್ರ ದೇವಾಲಯಗಳನ್ನು ಕಂಡು ಇಕ್ಕೇರಿಯ ಅಘೋರೇಶ್ವರನಲ್ಲಿಗೆ ಬಂದೆವು. ದೊಡ್ಡ ದೊಡ್ಡ ಬಾಗಿಲುಗಳ ಆ ಕಲ್ಲುಗುಡಿಯ ನೆಲಹಾಸಿನಲ್ಲಿ, ಗರ್ಭಗುಡಿಯ ಎದುರಿಗೆ, ಕೆಳದಿಯ ಅರಸರು ದೇವರಿಗೆ ಅಡ್ಡಬಿದ್ದಂತೆ ಕೆತ್ತಿದ ಆಕೃತಿಗಳಿವೆ. ಭಕ್ತರು ನಡೆದಾಡುವ ನೆಲದಲ್ಲಿ ಅರಸರು ತಮ್ಮನ್ನು ಕೆತ್ತಿಸಿಕೊಂಡಿದ್ದಾರೆ! ನಮ್ಮ ಮಗಳು ಅವುಗಳನ್ನು ತುಳಿಯಬಾರದೆಂದು ಸುತ್ತುಹಾಕಿ ನಡೆದಳು.

ಕೆಳದಿಯ ಅರಸರು ವೀರಶೈವ ಧರ್ಮಾವಲಂಬಿಗಳು. 1499ರಿಂದ 1763ರವರೆಗೆ, ಹೈದರಾಲಿಯು ಬಿದನೂರನ್ನು ಗೆಲ್ಲುವ ತನಕ, ಮಲೆನಾಡು ಮತ್ತು ಕರಾವಳಿಯನ್ನಾಳಿದವರು. ಕಿತ್ತೂರು ಚೆನ್ನಮ್ಮಾಜಿಯನ್ನು ಬಲ್ಲ ನಮ್ಮ ಭಾಗದ ಮಕ್ಕಳು ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಅಷ್ಟಾಗಿ ಕೇಳಿರುವುದಿಲ್ಲ. ಇದು ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಆಗುತ್ತಿರುವ ಲೋಪವೆಂದೇ ನಾವು ತಿಳಿಯುತ್ತೇವೆ. ಶಿವಾಜಿಯ ಮಗ ರಾಜಾರಾಮನು 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ, ಔರಂಗಜೇಬನ ಸಿಟ್ಟಿಗೆ ಅಂಜದೆ ಆಶ್ರಯ ಕೊಟ್ಟು ಮುಂದಕ್ಕೆ ಸಾಗಿಸಿದ ರಾಣಿ ಆಕೆ. ಆಕೆಗಿಂತ ಮೊದಲು ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ನೆಲವನ್ನಳೆದು, ಫಸಲನ್ನು ನೋಡಿ ಕಂದಾಯ ನಿಗದಿ ಮಾಡಿದ ಪದ್ಧತಿಗೆ 'ಶಿಸ್ತು' ಎಂದು ಹೆಸರು. ಮೆಣಸು ಅಕ್ಕಿಗಳ ವ್ಯಾಪಾರದ ಮೇಲೆ ಹಿಡಿತ ಸಾಧಿಸಿ ಹೊನ್ನಾವರದಲ್ಲಿ ಕೋಟೆ ಹೊಂದಿದ್ದ ಪೋರ್ತುಗೀಜರು 1653-54ರ ಸುಮಾರಿಗೆ ಆತನ ಕೈಯಿಂದಲೇ ಆ ಕೋಟೆಯನ್ನು ಕಳೆದುಕೊಂಡರು. ಗುಡ್ಡಗಾಡಿನ ಅರಸರಿಗೆ ಕಡಲಿನ ನಡುವೆ ದುರ್ಗ ಏಕೆ ಬೇಕಾಯಿತೆಂಬುದಕ್ಕೆ ಇದೇ ಉತ್ತರ. ಘಟ್ಟದ ಮೆಣಸು ಹಡಗು ಸೇರುವುದು ಶರಾವತಿಯ ಬಾಯಿಯಲ್ಲಿ. ಆ ಬಾಯಿಗೆ ಕಾವಲಿಲ್ಲದಿದ್ದರೆ ಬೆಳೆದವನ ಬೆವರು ಪರರ ಪಾಲು.

ಜೋಗವನ್ನು ಬಳಸಿ ಗೇರುಸೊಪ್ಪೆಯ ಘಟ್ಟವನ್ನಿಳಿದೆವು. ಇದೇ ದಾರಿಯಲ್ಲಿ ನಾಲ್ಕುನೂರು ವರ್ಷಗಳ ಹಿಂದೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮೇಲಕ್ಕೆ ಹತ್ತಿದ್ದನು. 1623ರಲ್ಲಿ ಗೋವೆಯಿಂದ ಕಡಲ ಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಹೊಳೆಯಲ್ಲಿ ಸಾಗಿ, ಘಟ್ಟವೇರಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡ ಈತನು ಬರೆದ ಪತ್ರಗಳಲ್ಲಿ ಒಂದು ಸಂಗತಿ ನಮಗೆ ಬಹಳ ಪ್ರಿಯವಾದುದು. ದಾರಿಯ ಗುಡಿಯೊಂದರ ಜಗುಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಸಣ್ಣ ಮರಳನ್ನು ಹರಡಿ, ಅಂಕಿಗಳನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆದು ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನಂತೆ. ಗುರುವಿಲ್ಲದೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದ ಆ ಬಾಲಕರನ್ನು ಕಂಡು ಮೆಚ್ಚಿದನು. ಇದನ್ನು ಹೇಳಿದಾಗ ಅವ್ವ, ತನ್ನ ಅಪ್ಪನೂ ಗಾವಠಿ ಶಾಲೆಯಲ್ಲಿ ಉಸುಕಿನ ಮೇಲೆಯೇ ಬರೆಯಲು ಕಲಿತವನೆಂದು ನೆನೆದಳು.

ಹೊನ್ನಾವರದಲ್ಲಿ ದುರ್ಗಕ್ಕೆ ದಿನನಿತ್ಯದ ದೋಣಿಯಿಲ್ಲ. ಮೀನುಗಾರಿಕೆಯ ತಂದೆ-ಮಗ ಇಬ್ಬರು ತಮ್ಮ ಚಿಕ್ಕ ಎಂಜಿನ್ ದೋಣಿಯಲ್ಲಿ ಕರೆದೊಯ್ಯಲು ಒಪ್ಪಿದರು. ಮಗ ಚುಕ್ಕಾಣಿ ಹಿಡಿಯುವವನು. ತಂದೆ ಹಿಂದೆ ತಾಂಡೇಲನಾಗಿದ್ದು ಈಗ ವಯಸ್ಸಾಗಿ ಮನೆಯಲ್ಲಿರುವವರು, ಅವ್ವನನ್ನು ನೋಡಿ ತಾವೂ ಬರುತ್ತೇವೆಂದರು. ಬೆಳಗಿನ ಆರಕ್ಕೇ ಹೊರಡಬೇಕೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ಆದಕಾರಣ ಅವ್ವ ನಾಲ್ಕಕ್ಕೇ ಎದ್ದು ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದಳು.

ಇಷ್ಟು ಬೇಗ ಏಕೆಂದು ಕೇಳಲು ಆ ಹಿರಿಯರು ವಿವರಿಸಿದರು. ಚಳಿಗಾಲದಲ್ಲಿ ರಾತ್ರಿಯೆಲ್ಲ ನೆಲ ತಣ್ಣಗಾಗುತ್ತದೆ. ಕಡಲಿನ ನೀರು ಅಷ್ಟು ತಣಿಯುವುದಿಲ್ಲ. ಆಗ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಅದು ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಹಾಯಿದೋಣಿಗಳು ನಸುಕಿನ ಗಾಳಿಗೆ ಹೊರಟು ಮಧ್ಯಾಹ್ನದ ಗಾಳಿಗೆ ಮನೆ ಸೇರುತ್ತಿದ್ದವು. ಹೋಗಲಿಕ್ಕೂ ಬರಲಿಕ್ಕೂ ಗಾಳಿ ತಾನೇ ಒದಗುತ್ತಿತ್ತು. ಈಗ ಎಂಜಿನ್ ಬಂದರೂ ಅವರ ಮನೆಯಲ್ಲಿ ಹೊತ್ತಿನ ರೂಢಿ ಮಾತ್ರ ಹಳೆಯದೇ ಉಳಿದಿದೆ.

ಹೊಳೆಯಲ್ಲಿ ದೋಣಿ ಸಲೀಸಾಗಿ ಹೋಯಿತು. ಕಷ್ಟವಿರುವುದು ಅಳಿವೆಯಲ್ಲಿ. ಶರಾವತಿಯು ಕಡಲನ್ನು ಕೂಡುವ ಈ ಬಾಯಿಯಲ್ಲಿ ಹೂಳು ತುಂಬಿ ಮರಳಿನ ದಿಬ್ಬಗಳೇಳುತ್ತವೆ. ಹೊಳೆಯ ಸೆಳವೂ ಕಡಲ ತೆರೆಯೂ ಒಂದಕ್ಕೊಂದು ಎದುರಾಗುತ್ತವೆ. ದೋಣಿಗಳು ಮಗುಚಿ ಜೀವಹಾನಿಯಾದ ಕಹಿ ನೆನಪುಗಳು ಆ ಊರಿನವರಿಗಿವೆ. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ ಮೇಲೆಯೇ ದೋಣಿ ಅಲ್ಲಿಗೆ ಬಂದಿತು. ಮೊದಲ ತೆರೆಗೆ ಮುಂಭಾಗ ಮೇಲೆದ್ದು ಧೊಪ್ಪನೆ ಕೆಳಗೆ ಬಿದ್ದಾಗ ನಾವೆಲ್ಲ ದೋಣಿಯ ಅಂಚನ್ನು ಹಿಡಿದೆವು. ಅವ್ವ ಹಿಡಿಯಲಿಲ್ಲ. ಎರಡೂ ಕೈಗಳಿಂದ ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿಕೊಂಡು ಕುಳಿತಿದ್ದಳು. "ಅತ್ತಿ, ಅಂಚು ಹಿಡೀರಿ" ಎಂದು ನಮ್ಮ ಮನೆಯವರು ಕೂಗಿದರೂ ಕೇಳಲಿಲ್ಲ. ಆ ತಾಂಡೇಲರು ಏನೂ ಮಾತಾಡದೆ ಬಂದು ಆಕೆಯ ಬೆನ್ನಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಕುಳಿತರು. ನಾಲ್ಕಾರು ತೆರೆ ದಾಟಿದ ಮೇಲೆ ನೀರು ಶಾಂತವಾಯಿತು. ಅವ್ವ ಆಗ ತಲೆಯೆತ್ತಿ ಪಶ್ಚಿಮಕ್ಕೆ ನೋಡಿದಳು. ಆಚೆಯ ದಂಡೆ ಇರಲಿಲ್ಲ. ಬಹಳ ಹೊತ್ತು ನೋಡಿ, "ಅಬಬಬ!" ಎಂದಳು. ಮತ್ತೇನೂ ಹೇಳಲಿಲ್ಲ.

ಬಸವರಾಜ ದುರ್ಗವು ದೂರದಿಂದ ಮಟ್ಟಸವಾದ ತಲೆಯ ಗುಡ್ಡದಂತೆ ಕಾಣುತ್ತದೆ. ಹತ್ತಿರವಾದಂತೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆಗೋಡೆ ಗುಡ್ಡಕ್ಕೆ ನಡುಪಟ್ಟಿ ಕಟ್ಟಿದಂತೆ ಗೋಚರಿಸುತ್ತದೆ. ದೋಣಿ ನಿಲ್ಲಲು ಕಟ್ಟೆಯಿಲ್ಲ. ಬಂಡೆಗಳ ನಡುವೆ ಮೊಣಕಾಲು ನೀರಿನಲ್ಲಿ ಇಳಿಯಬೇಕು. ಅವ್ವನನ್ನು ತಂದೆ-ಮಗ ಇಬ್ಬರೂ ಕೈಹೆಣೆದು ಕುರ್ಚಿ ಮಾಡಿ ಎತ್ತಿಕೊಂಡು ದಡ ಸೇರಿಸಿದರು.

ಮೇಲೆ ಹತ್ತಿದಾಗ ಯಾರೂ ಇರಲಿಲ್ಲ. ಒಣಗಿದ ಹುಲ್ಲು, ಗಾಳಿಗೆ ಬಾಗಿದ ಮರಗಳು, ಬುರುಜುಗಳ ಮೇಲೆ ಬೇರುಬಿಟ್ಟ ಗಿಡಗಳು, ಮೇಲೆ ಸುತ್ತುವ ಹದ್ದುಗಳು. ಕೆಳಗೆ ತೆರೆ ಬಂಡೆಗೆ ಬಡಿಯುವ ಸದ್ದು ಬಿಟ್ಟರೆ ಅಲ್ಲಿ ಮೌನವೇ ಮೌನ. ಒಂದು ಕಾಲಕ್ಕೆ ಕಾವಲುಗಾರರ ಕೂಗು, ತೋಪಿನ ಸದ್ದು ಇದ್ದ ನೆಲ. ಮೀನುಗಾರರು ಸಂಕ್ರಾಂತಿಯ ಹೊತ್ತಿಗೆ ಇಲ್ಲಿಗೆ ಬಂದು ಪೂಜೆ ಸಲ್ಲಿಸುವ ವಾಡಿಕೆಯಿದೆ ಎಂದು ತಾಂಡೇಲರು ಹೇಳಿದರು. ತೆಂಗಿನ ಚಿಪ್ಪುಗಳೂ ಒಣಗಿದ ಹೂಮಾಲೆಗಳೂ ಇನ್ನೂ ಬಿದ್ದಿದ್ದವು. ಕೋಟೆ ಕಟ್ಟಿಸಿದ ಅರಸೊತ್ತಿಗೆ ಹೋಗಿ ಇನ್ನೂರೈವತ್ತು ವರ್ಷಗಳಾದವು. ಅದರ ಹೆಸರನ್ನು ಉಳಿಸಿಕೊಂಡು ಬಂದವರು ನಾವಲ್ಲ, ಈ ಬೆಸ್ತರು.

ಕೋಟೆಯೊಳಗಿನ ಬಾವಿಯ ನೀರನ್ನು ತಾಂಡೇಲರು ಸೇದಿ ತಂದರು. ಸುತ್ತಲೂ ಉಪ್ಪುಕಡಲಿರುವಾಗ ಈ ನೀರು ಹೇಗಿದ್ದೀತೋ ಎಂದು ಅನುಮಾನಿಸುತ್ತಲೇ ಅವ್ವ ಒಂದು ಗುಟುಕು ಕುಡಿದು, "ಸಿಹಿ ಐತಿ!" ಎಂದು ಕಣ್ಣರಳಿಸಿದಳು. ಜಂಬಿಟ್ಟಿಗೆಯು ರಂಧ್ರಗಳಿರುವ ಕಲ್ಲು. ಮುಂಗಾರಿನ ಮಳೆ ಅದರೊಳಗಿಳಿದು ನಿಲ್ಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಎರಡೂ ಕೂಡಿದಲ್ಲಿಯೂ ಅದು ಮೇಲೆಯೇ ನಿಲ್ಲುತ್ತದೆ. ಮಗಳಿಗೆ ಹೀಗೆಂದು ತಿಳಿಹೇಳುತ್ತಿರುವಾಗ ಅವ್ವ ಆ ನೀರಿನ ತಂಬಿಗೆಯನ್ನು ಹಿಡಿದು ಮರದ ನೆರಳಿಗೆ ಹೋಗಿ ಕುಳಿತಿದ್ದಳು. ಮಧ್ಯಾಹ್ನದ ಪೂಜೆಯ ಹೊತ್ತು. ಎರಡೆಳೆಯ ಶಿವದಾರವನ್ನು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಆ ಸಿಹಿನೀರಿನಿಂದ ಮಜ್ಜನಗೈದಳು. ಅಷ್ಟು ದೂರ ನಿಂತು ನಾವು ನೋಡಿದೆವು. ಮನೆಯ ಹಿರಿಯರು ಎತ್ತಿದ್ದ ಪ್ರಶ್ನೆ ಆಗ ನಮಗೆ ನೆನಪಿಗೂ ಬರಲಿಲ್ಲ.

ಹಚ್ಚಡವನ್ನು ಹಾಸಿ ಎಲ್ಲರೂ ಕೂಡಿ ಪ್ರಸಾದ ಸ್ವೀಕರಿಸಿದೆವು. ತಂದೆ-ಮಗನಿಗೆ ಗುರೆಳ್ಳ ಚಟ್ನಿ ಬಹಳ ಹಿಡಿಸಿತು. ಊಟವಾದ ಮೇಲೆ ತಾಂಡೇಲರು ಹಚ್ಚಡದ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿ, "ಇದು ಎಲ್ಲಿಯ ಬಟ್ಟೆ?" ಎಂದು ಕೇಳಿದರು. ಅವರ ಹುಡುಗತನದಲ್ಲಿ ಮಚವೆಗಳಿಗೆ ಇಂಥದೇ ದಪ್ಪ ಹತ್ತಿಬಟ್ಟೆಯ ಹಾಯಿ ಇರುತ್ತಿತ್ತಂತೆ. ಅದನ್ನು ಹೊಲಿಯುವುದೇ ಮಳೆಗಾಲದ ಕೆಲಸವಂತೆ. ಅವ್ವನಿಗೆ ಇದು ಹೊಸ ಸುದ್ದಿ. ಹಾಯಿ ಎಂದರೆ ಬಟ್ಟೆ, ಬಟ್ಟೆ ಎಂದರೆ ಮಗ್ಗ ಎಂಬುದು ಆಕೆಗೆ ಹೊಳೆದಿರಲಿಲ್ಲ. ನೂಲು ಎಷ್ಟು ಎಳೆಯದು, ಗಂಜಿ ಹಾಕುತ್ತಿದ್ದರೇ, ಎಷ್ಟು ವರ್ಷ ಬಾಳುತ್ತಿತ್ತು ಎಂದು ಒಂದೊಂದಾಗಿ ವಿಚಾರಿಸಿದಳು. ಕಡಲಿನ ಮುದುಕರೂ ಮಗ್ಗದ ಮನೆಯ ಮುದುಕಿಯೂ ಅರ್ಧ ತಾಸು ಬಟ್ಟೆಯ ಮಾತನ್ನೇ ಆಡಿದರು.

ನಾವು ಮಗಳಿಗೆ ಇನ್ನೊಬ್ಬ ಬಸವರಾಜನ ಕಥೆ ಹೇಳುತ್ತಿದ್ದೆವು. ಚೆನ್ನಮ್ಮಾಜಿಯ ದತ್ತುಪುತ್ರ ಬಸಪ್ಪ ನಾಯಕನು 1697ರಿಂದ 1714ರವರೆಗೆ ಕೆಳದಿಯನ್ನಾಳಿದನು. ಈ ಅರಸು 1709ರಲ್ಲಿ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶವನ್ನು ಪೂರೈಸಿದನು. ಮಗ ಸೋಮಶೇಖರನು ಕೇಳುತ್ತಾನೆ, ತಂದೆ ಹೇಳುತ್ತಾನೆ. ಹೀಗೆ ರಾಜನೀತಿ, ವೈದ್ಯ, ಸಂಗೀತ, ಅಡುಗೆ ಎಂದು ಲೋಕದ ವಿದ್ಯೆಗಳೆಲ್ಲ ಅದರಲ್ಲಿ ಬರುತ್ತವೆ. ರತ್ನಾಕರವೆಂದರೆ ಕಡಲು. ಆದಕಾರಣ ಆ ಗ್ರಂಥದ ಭಾಗಗಳಿಗೆ ಕಲ್ಲೋಲ, ಅಂದರೆ ಹೆದ್ದೆರೆ ಎಂದು ಹೆಸರು, ಅವು ಒಂಬತ್ತು. ಒಳಗಿನ ಅಧ್ಯಾಯಗಳಿಗೆ ತರಂಗ ಎಂದು ಹೆಸರು, ಅವು 108. ಮಗಳು ಬುರುಜಿನ ಮೇಲೆ ನಿಂತು ಬಂಡೆಗೆ ಬಡಿಯುವ ತೆರೆಗಳನ್ನು ಎಣಿಸತೊಡಗಿದಳು. ಮೂವತ್ತಕ್ಕೆ ತಪ್ಪಿ ಮತ್ತೆ ಒಂದರಿಂದ ಆರಂಭಿಸಿದಳು.

ಮರಳಿ ಹೊರಟದ್ದು ಎರಡು ಗಂಟೆಗೆ. ದುರ್ಗವನ್ನು ಬಿಟ್ಟು ಸ್ವಲ್ಪ ದೂರ ಬಂದಿರಬೇಕು, ಎಂಜಿನ್ ಕರ್ರೆಂದು ಸದ್ದು ಮಾಡಿ ನಿಂತುಬಿಟ್ಟಿತು. ಯಾರೋ ಕಡಲಿಗೆಸೆದ ನೈಲಾನ್ ಬಲೆಯ ತುಂಡು ಅದರ ಚಕ್ರಕ್ಕೆ ಸುತ್ತಿಕೊಂಡು ಒಳಗಿನ ಪಿನ್ನು ಮುರಿದಿತ್ತು. ಬದಲಿ ಪಿನ್ನು ಇರಲಿಲ್ಲ. ದೋಣಿ ತೊಟ್ಟಿಲಿನಂತೆ ತೂಗತೊಡಗಿತು. ಮಗಳು ಅಳಲಾರಂಭಿಸಿದಳು. ನಮಗೂ ಎದೆ ಹಾರಿತೆಂಬುದನ್ನು ಮುಚ್ಚಿಡುವುದೇಕೆ? ಮುದುಕಿಯನ್ನು ಕರೆತಂದು ಎಂಥ ಕೆಲಸ ಮಾಡಿದೆವೆಂದು ಪರಿತಪಿಸಿದೆವು.

ತಾಂಡೇಲರು ಕಡಲಿನ ಕಡೆ ಮುಖ ಮಾಡಿ ಕ್ಷಣಕಾಲ ನಿಂತರು. "ಹೆದರ್ಬೇಡಿ ಅಮ್ಮ, ಗಾಳಿ ನಮ್ಮ ಕಡೆಗೇ ಅದೆ" ಎಂದರು. ಆಮೇಲೆ ಹಚ್ಚಡದ ಕಡೆ ನೋಡಿದರು. ಕೇಳಲು ಸಂಕೋಚಪಟ್ಟಂತೆ ಕಂಡಿತು. ಅವ್ವ ತಾನಾಗಿಯೇ ಅದನ್ನು ಎತ್ತಿ ಕೊಟ್ಟಳು. ದೋಣಿ ನೂಕುವ ಎರಡು ಬಿದಿರ ಗಳುಗಳಿಗೆ ಹಚ್ಚಡದ ಮೂಲೆಗಳನ್ನು ಹಗ್ಗದಿಂದ ಬಿಗಿದು ಎತ್ತಿ ನಿಲ್ಲಿಸಿದರು. ಒಂದನ್ನು ನಾವು ಹಿಡಿದೆವು, ಒಂದನ್ನು ಅವರು. ಮಗ ಹುಟ್ಟನ್ನೇ ಚುಕ್ಕಾಣಿ ಮಾಡಿಕೊಂಡನು. ಹಚ್ಚಡ ಮೊದಲು ಪಟಪಟನೆ ಬಡಿದುಕೊಂಡು, ಆಮೇಲೆ ಗಾಳಿ ತುಂಬಿ ಉಬ್ಬಿ ನಿಂತಿತು. ದೋಣಿ ಮೆಲ್ಲನೆ ಮುಂದಕ್ಕೆ ಸರಿಯಿತು. ಎಂಜಿನ್ ಸದ್ದಿಲ್ಲದೆ, ನೀರು ಮರಕ್ಕೆ ತಾಗುವ ಸಪ್ಪಳವೊಂದೇ ಕೇಳುತ್ತ, ಒಂದು ತಾಸಿಗೂ ಹೆಚ್ಚು ಹೊತ್ತು ಹೀಗೆಯೇ ಬಂದೆವು. ನಮ್ಮ ತೋಳುಗಳು ಸೋತು ನಡುಗುತ್ತಿದ್ದವು. ಅವ್ವ ಮಾತ್ರ ನೆಟ್ಟ ದೃಷ್ಟಿಯಿಂದ ಆ ಹಚ್ಚಡವನ್ನೇ ನೋಡುತ್ತಿದ್ದಳು. ಎಲ್ಲಿಯಾದರೂ ಎಳೆ ಬಿಡುವುದೋ ಎಂದು ನೋಡುತ್ತಿದ್ದಳೋ, ನೇಯ್ದವರನ್ನು ನೆನೆಯುತ್ತಿದ್ದಳೋ, ನಾವು ಕೇಳಲಿಲ್ಲ. ಎಳೆ ಬಿಡಲಿಲ್ಲ.

ಅಳಿವೆಯನ್ನು ಮಾತ್ರ ಹೀಗೆ ದಾಟಲು ಆಗದೆಂದು ತಾಂಡೇಲರು ಮೊದಲೇ ಹೇಳಿದ್ದರು. ಅದರ ಹೊರಗೆ ಲಂಗರು ಹಾಕಿ ಕಾದೆವು. ಮೀನು ಹಿಡಿದು ಮರಳುತ್ತಿದ್ದ ದೋಣಿಯೊಂದು ಹಗ್ಗ ಎಸೆದು ನಮ್ಮನ್ನು ಒಳಕ್ಕೆ ಎಳೆದುಕೊಂಡು ಬಂದಿತು. ಅವರು ಕಾಸು ಕೇಳಲಿಲ್ಲ, ಕೊಟ್ಟರೂ ಮುಟ್ಟಲಿಲ್ಲ. ಉಳಿದ ರೊಟ್ಟಿಗಳನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡರು.

ಹೋಗಬಯಸುವ ಬಂಧುಗಳಿಗೆ ಎರಡು ಮಾತು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಒರಟಾಗಿರುತ್ತದೆ. ಆ ಹೊತ್ತಿನಲ್ಲಿ ಈ ಯೋಚನೆಯೇ ಬೇಡ. ಡಿಸೆಂಬರ್, ಜನವರಿ ತಿಂಗಳುಗಳು ಒಳ್ಳೆಯವು. ಸ್ಥಳೀಯರನ್ನು ಕೇಳಿ, ಬೇಕಾದ ಅನುಮತಿಯನ್ನು ವಿಚಾರಿಸಿಕೊಂಡು, ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತದೆ ಹೋಗಬೇಕು. ಬದಲಿ ಪಿನ್ನು ಇದೆಯೇ ಎಂದು ಕೇಳಿಕೊಳ್ಳುವುದೂ ಒಳ್ಳೆಯದೆಂದು ಅನುಭವದಿಂದ ಹೇಳುತ್ತೇವೆ.

ಶಿಗ್ಲಿಗೆ ಬಂದ ಮೇಲೆ ಓಣಿಯ ಹೆಣ್ಣುಮಕ್ಕಳೆಲ್ಲ ಅವ್ವನನ್ನು ಸುತ್ತುವರಿದರು. ಪ್ರವಾಸಕ್ಕೆ ಒಪ್ಪದಿದ್ದ ಆ ಹಿರಿಯರೂ ಬಂದು ಕಟ್ಟೆಯ ತುದಿಗೆ ಕುಳಿತರು. ಮೊದಲು ಆಕೆ ಅವರಿಗೆ ಶಿವದಾರವನ್ನು ಎತ್ತಿ ತೋರಿಸಿದಳು. ಅವರು ನಕ್ಕು ಕೈಮುಗಿದರು. ಹಚ್ಚಡವನ್ನು ಒಗೆಯಲು ನಮ್ಮ ಮನೆಯವರು ಎರಡು ಸಲ ಕೇಳಿದರೂ ಅವ್ವ ಕೊಟ್ಟಿರಲಿಲ್ಲ. ಗಳುವಿಗೆ ಕಟ್ಟಿದ ಮೂಲೆಗಳಲ್ಲಿ ಬಿಳಿಯ ಉಪ್ಪಿನ ಗೆರೆಗಳು ಹಾಗೆಯೇ ಮೂಡಿದ್ದವು. ಸಮುದ್ರ ಹೆಂಗಿರತೈತಿ ಎಂದು ಕೇಳಿದವರಿಗೆಲ್ಲ ಆಕೆ ಆ ಹಚ್ಚಡದ ಅಂಚನ್ನು ಮುಂದೆ ಹಿಡಿದು, "ನಾಲಿಗಿಗೆ ಹಚ್ಚಿ ನೋಡ್ರಿ" ಎನ್ನುತ್ತಿದ್ದಳು.